ಹಾಟ್‌ಸ್ಪಾಟ್‌ನ ಫ್ರೀಕ್ವೆನ್ಸಿ ಸರಿಹೊಂದಿಸುವುದು: ಡಿಎಂಆರ್ ಕಲಿಯುವವರಿಗೆ ಅಧ್ಯಯನ ಟಿಪ್ಪಣಿ

ಡಿಎಂಆರ್ ಅಂದರೆ ಹ್ಯಾಮ್ ರೇಡಿಯೋದಲ್ಲಿ ಬಳಸುವ ಒಂದು ಡಿಜಿಟಲ್ ಮಾತಿನ ಪದ್ಧತಿ. ಹಾಟ್‌ಸ್ಪಾಟ್ ಅಂದರೆ ನಮ್ಮ ಕೈರೇಡಿಯೋವನ್ನು, ಅಂದರೆ ಹ್ಯಾಂಡಿಯನ್ನು, ಇಂಟರ್ನೆಟ್ ಮೂಲಕ ಡಿಎಂಆರ್ ನೆಟ್‌ವರ್ಕ್‌ಗೆ ಸೇರಿಸುವ ಸಣ್ಣ ರೇಡಿಯೋ. ಹೊಸ ಹಾಟ್‌ಸ್ಪಾಟ್ ಬೋರ್ಡಿನಲ್ಲಿ ಮೊದಲು ಎದುರಾಗುವ ತೊಂದರೆ ಹೆಚ್ಚಾಗಿ ಹೀಗಿರುತ್ತದೆ. ಡ್ಯಾಶ್‌ಬೋರ್ಡ್ (ಬ್ರೌಸರಿನಲ್ಲಿ ಕಾಣುವ ಅದರ ಪುಟ) ಸರಿಯಾಗಿ ತೆರೆಯುತ್ತದೆ. ನೆಟ್‌ವರ್ಕ್‌ಗೂ ಸೇರಿಕೊಂಡಿದೆ. ಹ್ಯಾಂಡಿಯಲ್ಲಿ ಅದೇ ಫ್ರೀಕ್ವೆನ್ಸಿ, ಅದೇ ಕಲರ್ ಕೋಡ್ (ಎರಡೂ ಕಡೆ ಒಂದೇ ಇರಬೇಕಾದ ಗುರುತಿನ ಅಂಕಿ) ಹಾಕಿದ್ದೀರಿ. ಆದರೂ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಕೆಲವು ಸಲ ಡ್ಯಾಶ್‌ಬೋರ್ಡಿನಲ್ಲಿ ನಿಮ್ಮ ಕಾಲ್‌ಸೈನ್ (ಪರವಾನಗಿಯ ಗುರುತು) ಕಾಣುತ್ತದೆ, ಕೆಲವು ಸಲ ಕಾಣುವುದಿಲ್ಲ. ಕಂಡಾಗಲೂ ಆ ಕಡೆಯವರು "ಮಾತು ತುಂಡು ತುಂಡಾಗಿ ಬರ್ತಿದೆ, ರೋಬೋಟ್ ಮಾತಾಡಿದ ಹಾಗಿದೆ" ಅಂತಾರೆ. ಎರಡೂ ಕಡೆ ಪರದೆಯ ಮೇಲೆ 438.800 ಮೆಗಾಹರ್ಟ್ಜ್ ಅಂತಲೇ ಇದೆ, ಅಲ್ವಾ? ಹಾಗಾದರೆ ತಪ್ಪಿರುವುದು ಎಲ್ಲಿ?

ಪರದೆಯ ಮೇಲಿರುವುದು ನಾವು ಬೇಕು ಅಂತ ಕೇಳಿದ ಫ್ರೀಕ್ವೆನ್ಸಿ. ಬೋರ್ಡ್ ನಿಜಕ್ಕೂ ಕೊಡುತ್ತಿರುವುದು ಅದಕ್ಕಿಂತ ಕೆಲವು ನೂರು ಹರ್ಟ್ಜ್ ಆಚೆ ಈಚೆ ಇರಬಹುದು. ಅನಲಾಗ್ ಎಫ್ಎಂನಲ್ಲಿ ಇಷ್ಟು ವ್ಯತ್ಯಾಸ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ. ಡಿಎಂಆರ್‌ನಲ್ಲಿ ಮಾತೇ ಕೆಡುತ್ತದೆ. ಯಾಕೆ ಕೆಡುತ್ತದೆ ಅನ್ನುವುದು ಒಮ್ಮೆ ತಲೆಗೆ ಹೋದರೆ ಸರಿ ಮಾಡುವ ಕ್ರಮ ತಾನಾಗಿಯೇ ಹೊಳೆಯುತ್ತದೆ. ಹಾಗಾಗಿ ಕಾರಣದಿಂದಲೇ ಶುರು ಮಾಡೋಣ.

ಹರಳಿನ ಲೆಕ್ಕ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಕೂರುವ ಹೆಚ್ಚಿನ ಎಂಎಂಡಿವಿಎಂ (ಹಲವು ಡಿಜಿಟಲ್ ಪದ್ಧತಿಗಳ ಮೋಡೆಮ್) ಬೋರ್ಡುಗಳಲ್ಲಿ ರೇಡಿಯೋ ಕೆಲಸ ಮಾಡುವುದು ಎಡಿಎಫ್7021 ಎಂಬ ಚಿಪ್. ಅದು ತನ್ನ ಫ್ರೀಕ್ವೆನ್ಸಿಯನ್ನು ಪಕ್ಕದಲ್ಲಿರುವ ಒಂದು ಸಣ್ಣ ಲೋಹದ ಡಬ್ಬಿಯಿಂದ, ಅಂದರೆ ಟಿಸಿಎಕ್ಸ್‌ಒ (ತಾಪಮಾನದ ಏರುಪೇರನ್ನು ತಿದ್ದಿಕೊಳ್ಳುವ) ಹರಳಿನಿಂದ, ಕಟ್ಟಿಕೊಳ್ಳುತ್ತದೆ. ಹರಳಿನ ಮೇಲೆ 14.7456 ಅಥವಾ 12.288 ಅಂತ ಅಚ್ಚಾಗಿರುತ್ತದೆ. ಅದು ಮೆಗಾಹರ್ಟ್ಜ್ ಲೆಕ್ಕ. ಹರಳು ಒಂದಿಷ್ಟು ಜೋರಾಗಿ ಮಿಡಿದರೆ ಅದರಿಂದ ಹುಟ್ಟುವ 438.8 ಮೆಗಾಹರ್ಟ್ಜ್ ಕೂಡ ಅದೇ ಪ್ರಮಾಣದಲ್ಲಿ ಮೇಲಕ್ಕೆ ಹೋಗುತ್ತದೆ.

ಈ ತಪ್ಪನ್ನು ಪಿಪಿಎಂನಲ್ಲಿ ಅಳೆಯುತ್ತಾರೆ. ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ 1 ಪಿಪಿಎಂ. 438.8 ಮೆಗಾಹರ್ಟ್ಜ್‌ನಲ್ಲಿ 1 ಪಿಪಿಎಂ ಅಂದರೆ ಸುಮಾರು 439 ಹರ್ಟ್ಜ್. 2.5 ಪಿಪಿಎಂ ಹರಳು ತನ್ನ ಮಿತಿಯೊಳಗೇ ಇದ್ದುಕೊಂಡು 1,097 ಹರ್ಟ್ಜ್ ತಪ್ಪಬಹುದು. ಬೋರ್ಡ್ ಕೆಟ್ಟಿಲ್ಲ. ಅದರ ಹರಳಿನ ಹಕ್ಕಿನ ವ್ಯತ್ಯಾಸ ಅದು. ಹ್ಯಾಂಡಿಯೊಳಗೂ ಇಂಥದೇ ಒಂದು ಹರಳಿದೆ, ಅದಕ್ಕೂ ತನ್ನದೇ ತಪ್ಪಿದೆ. ನಾವು ಸರಿ ಮಾಡಬೇಕಾದದ್ದು ಇವೆರಡರ ನಡುವಿನ ಅಂತರ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಫರ್ಮ್‌ವೇರ್ (ಬೋರ್ಡಿನೊಳಗಿನ ತಂತ್ರಾಂಶ) ಹಾಕುವಾಗ ಹರಳಿನ ಅಂಕಿ ಬೋರ್ಡಿಗೆ ಹೊಂದಬೇಕು. 14.7456 ಹರಳಿರುವ ಬೋರ್ಡಿಗೆ 12.288ರ ಫರ್ಮ್‌ವೇರ್ ಹಾಕಿದರೆ ಫ್ರೀಕ್ವೆನ್ಸಿ ಸರಿಯಾಗಿ 1.2 ಪಟ್ಟಾಗುತ್ತದೆ. 438.8 ಕೇಳಿದರೆ ಲೆಕ್ಕ 526ರ ಮೇಲೆ ಹೋಗುತ್ತದೆ. ಯಾವ ಆಫ್‌ಸೆಟ್ (ಫ್ರೀಕ್ವೆನ್ಸಿಗೆ ಕೂಡಿಸುವ ಅಥವಾ ಕಳೆಯುವ ಸಣ್ಣ ತಿದ್ದುಪಡಿ) ಹಾಕಿದರೂ ಅದು ಸರಿಯಾಗುವುದಿಲ್ಲ. ಹ್ಯಾಂಡಿಗೂ ಬೋರ್ಡಿಗೂ ಸಂಬಂಧವೇ ಇಲ್ಲದ ಹಾಗೆ ಇದ್ದರೆ ಮೊದಲು ಇದನ್ನು ನೋಡಿ.

648 ಹರ್ಟ್ಜ್ ಅನ್ನುವ ಅಂಕಿ

ಡಿಎಂಆರ್‌ನಲ್ಲಿ ಮಾತು ನಾಲ್ಕು ಫ್ರೀಕ್ವೆನ್ಸಿಗಳ ಭಾಷೆಯಲ್ಲಿ ಹೋಗುತ್ತದೆ. ನಡುವಿನ ಫ್ರೀಕ್ವೆನ್ಸಿಯಿಂದ +1944, +648, −648, −1944 ಹರ್ಟ್ಜ್. ಸೆಕೆಂಡಿಗೆ 4800 ಸಲ ಈ ನಾಲ್ಕರಲ್ಲಿ ಒಂದನ್ನು ಆರಿಸಿ ಕಳಿಸುತ್ತದೆ. ಪ್ರತಿ ಆಯ್ಕೆಯಲ್ಲೂ ಎರಡು ಬಿಟ್ ಇರುವುದರಿಂದ ಒಟ್ಟು 9600 ಬಿಟ್.

ಇದನ್ನು ನಾಲ್ಕು ಮೆಟ್ಟಿಲು ಅಂದುಕೊಳ್ಳಿ. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ 1296 ಹರ್ಟ್ಜ್. ಕೇಳುವ ಕಡೆಯವರು ಬಂದ ಸಂಕೇತ ಯಾವ ಮೆಟ್ಟಿಲಿಗೆ ಹತ್ತಿರ ಅಂತ ನೋಡಿ ತೀರ್ಮಾನಿಸುತ್ತಾರೆ. ಎರಡು ಮೆಟ್ಟಿಲ ಗಡಿ ಸರಿಯಾಗಿ ನಡುವೆ, ಅಂದರೆ 648 ಹರ್ಟ್ಜ್ ದೂರದಲ್ಲಿ. ಈಗ ಇಡೀ ಸಂಕೇತವೇ 500 ಹರ್ಟ್ಜ್ ಮೇಲಕ್ಕೆ ಸರಿದಿದೆ ಅನ್ನಿ. ಗಡಿಗೆ ಉಳಿದದ್ದು 148 ಹರ್ಟ್ಜ್ ಮಾತ್ರ. ಅಷ್ಟರಲ್ಲೇ ಗದ್ದಲ, ಪ್ರತಿಫಲನ, ಡೀವಿಯೇಶನ್ (ಮೆಟ್ಟಿಲುಗಳ ಎತ್ತರ) ಏರುಪೇರು ಎಲ್ಲವೂ ನಡೆಯಬೇಕು. ಸ್ವಲ್ಪ ಹೆಚ್ಚುಕಮ್ಮಿ ಆದರೂ ಬಿಟ್ ತಪ್ಪುತ್ತದೆ.

ಹಾಗಾಗಿಯೇ ಹ್ಯಾಂಡಿ ಒಂದೇ ಕೋಣೆಯಲ್ಲಿದ್ದು ಸಿಗ್ನಲ್ ತುಂಬಿ ತುಳುಕುತ್ತಿದ್ದರೂ ಮಾತು ಕೆಡುತ್ತದೆ. ಸಿಗ್ನಲ್‌ಗೆ ಬಲವಿದೆ. ಗಡಿಯವರೆಗೆ ಇರಬೇಕಾದ ಬಿಡುವು ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ತುಂಬ ಜನ ಆಂಟೆನಾ ಬದಲಾಯಿಸಿ, ಪವರ್ ಜಾಸ್ತಿ ಮಾಡಿ ನೋಡುತ್ತಾರೆ.

ಬೇರೆ ಮೋಡ್‌ಗಳ, ಅಂದರೆ ಬೇರೆ ಡಿಜಿಟಲ್ ಪದ್ಧತಿಗಳ, ಬಿಡುವು ಬೇರೆ. ಯಾಎಸು (Yaesu) ಕಂಪನಿಯ ಸಿ4ಎಫ್ಎಂ ±900 ಮತ್ತು ±2700 ಬಳಸುತ್ತದೆ, ಅಲ್ಲಿ ಗಡಿಗೆ 900 ಹರ್ಟ್ಜ್ ಇದೆ. ಪಿ25ರಲ್ಲಿ ±600 ಮತ್ತು ±1800. ನಾನಂತೂ ಡಿಎಂಆರ್ ಇಟ್ಟುಕೊಂಡೇ ಸರಿಹೊಂದಿಸಿ ಅನ್ನುತ್ತೇನೆ. ಅದು ಸೂಕ್ಷ್ಮ, ಬೇಗ ದೂರು ಹೇಳುತ್ತದೆ. ಅದಕ್ಕೆ ಸರಿಯಾದ ಅಂಕಿ ಉಳಿದ ಮೋಡ್‌ಗಳಿಗೂ ಸಾಮಾನ್ಯವಾಗಿ ಸಾಕಾಗುತ್ತದೆ.

ಅಳೆಯುವುದು ಹೇಗೆ

ನಮಗೆ ಸಿಗುವ ಅಳತೆಗೋಲು ಬಿಇಆರ್, ಅಂದರೆ ಬಂದ ಬಿಟ್‌ಗಳಲ್ಲಿ ಎಷ್ಟು ಪಾಲು ತಪ್ಪಿತು ಅನ್ನುವ ಲೆಕ್ಕ. ಡ್ಯಾಶ್‌ಬೋರ್ಡಿನಲ್ಲಿ ಲೋಕಲ್ ಆರ್‌ಎಫ್ ಭಾಗದಲ್ಲಿ, ನೀವು ಪಿಟಿಟಿ ಬಿಟ್ಟ ಮೇಲೆ ಅದು ಶೇಕಡಾದಲ್ಲಿ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಲಾಸ್ ಅನ್ನುವ ಇನ್ನೊಂದು ಅಂಕಿಯೂ ಇದೆ. ಅದು ಇಂಟರ್ನೆಟ್ ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳದು. ಅದಕ್ಕೂ ಹರಳಿಗೂ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬೇಡಿ.

ಒಂದು ಸೆಕೆಂಡ್ ಸುಮ್ನೆ ಒತ್ತಿ ಬಿಟ್ಟರೆ ಬರುವ ಬಿಇಆರ್ ನಂಬಬೇಡಿ. ಮೇಲೆ ಹೇಳಿದ 9600ರಲ್ಲಿ ಒಬ್ಬರ ಧ್ವನಿಯ ಪಾಲು ಸೆಕೆಂಡಿಗೆ 3600 ಬಿಟ್. ಅದರಲ್ಲೂ ದೋಷ ತಿದ್ದುವ ರಕ್ಷಣೆ ಇರುವ ಬಿಟ್‌ಗಳಲ್ಲಷ್ಟೇ ತಪ್ಪನ್ನು ಎಣಿಸಲು ಆಗುತ್ತದೆ. ಶೇ. 0.2ರಂಥ ಸಣ್ಣ ಅಂಕಿ ಒಂದು ಸೆಕೆಂಡಿನಲ್ಲಿ ಬೆರಳೆಣಿಕೆಯ ಬಿಟ್‌ಗಳ ಮಾತು. ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಏನು ಮಾತಾಡಿದರೂ ಬಿಇಆರ್‌ಗೆ ಒಂದೇ. ಕಾಲ್‌ಸೈನ್ ಹೇಳಿ ಅಂಕಿ ಎಣಿಸಿದರೂ ಸಾಕು.

ಅಳೆಯುವ ಮುಂಚೆ ಬೋರ್ಡ್ ಬಿಸಿಯಾಗಲಿ. ಪೈ ಕಂಪ್ಯೂಟರಿನ ಶಾಖ ನೇರವಾಗಿ ಮೇಲಿರುವ ಬೋರ್ಡಿಗೆ ತಟ್ಟುತ್ತದೆ. ಟಿಸಿಎಕ್ಸ್‌ಒ ತಾಪಮಾನದ ಏರುಪೇರನ್ನು ಪೂರ್ತಿ ನುಂಗುವುದಿಲ್ಲ, ಅದರ ಹೆಚ್ಚಿನ ಭಾಗವನ್ನಷ್ಟೇ ತಡೆಯುತ್ತದೆ. ಯಾವಾಗಲೂ ಮುಚ್ಚಿದ ಡಬ್ಬಿಯಲ್ಲಿ ಬಳಸುವುದಾದರೆ ಡಬ್ಬಿ ಮುಚ್ಚಿಯೇ ಅರ್ಧ ಗಂಟೆ ಬಿಟ್ಟು ಅಳೆಯಿರಿ.

ಇನ್ನೊಂದು, ದೂರ. ಹಾಟ್‌ಸ್ಪಾಟ್ ಹೊರಡಿಸುವುದು ಸುಮಾರು 10 ಮಿಲಿವ್ಯಾಟ್. ಅದರ ಪಕ್ಕದಲ್ಲೇ 5 ವ್ಯಾಟ್ ಹ್ಯಾಂಡಿ ಇಟ್ಟು ಒತ್ತಿದರೆ ಕೇಳುವ ಭಾಗ ತುಂಬಿಹೋಗಿ ಬಿಇಆರ್ ಏರುತ್ತದೆ. ಆಗ ಆಫ್‌ಸೆಟ್ ತಪ್ಪಿದೆ ಅಂತಲೇ ಅನ್ನಿಸುತ್ತದೆ. ಹ್ಯಾಂಡಿಯನ್ನು ಲೋ ಪವರ್‌ಗೆ ಹಾಕಿ, ಮೂರು ನಾಲ್ಕು ಮೀಟರ್ ದೂರ ನಿಂತುಕೊಳ್ಳಿ.

ಪರೀಕ್ಷೆಯನ್ನು ಜನ ಇರುವ ಟಾಕ್‌ಗ್ರೂಪ್‌ನಲ್ಲಿ ಮಾಡಬೇಡಿ. ಅದು ಕೇಳುತ್ತಿರುವವರಿಗೆಲ್ಲ ಕಿರಿಕಿರಿ. ಬ್ರ್ಯಾಂಡ್‌ಮೈಸ್ಟರ್ ಎಂಬ ಡಿಎಂಆರ್ ನೆಟ್‌ವರ್ಕ್ ಬಳಸುವವರು 9990ಕ್ಕೆ ಪ್ರೈವೇಟ್ ಕಾಲ್ ಮಾಡಿದರೆ ಪ್ಯಾರಟ್ ನಮ್ಮ ಮಾತನ್ನೇ ನಮಗೆ ವಾಪಸ್ ಕೇಳಿಸುತ್ತದೆ. ಫ್ರೀಕ್ವೆನ್ಸಿ ಆರಿಸುವಾಗ ನಿಮ್ಮ ಪರವಾನಗಿಯ ಮಿತಿ, ಬ್ಯಾಂಡ್ ಪ್ಲಾನ್ ಎರಡೂ ನೋಡಿ. 435ರಿಂದ 438 ಮೆಗಾಹರ್ಟ್ಜ್ ಹವ್ಯಾಸಿ ಉಪಗ್ರಹಗಳ ಜಾಗ, ಅಲ್ಲಿ ಹಾಟ್‌ಸ್ಪಾಟ್ ಕೂರಿಸಬೇಡಿ.

ಎರಡು ಅಂಚು ಹುಡುಕಿ, ನಡುವೆ ನಿಲ್ಲಿ

ಈ ಟಿಪ್ಪಣಿಯಲ್ಲಿ ನಾನು ಒತ್ತಿ ಹೇಳಬೇಕು ಅಂದುಕೊಂಡಿರುವುದು ಇದೇ ಭಾಗ. ಅತಿ ಕಡಿಮೆ ಬಿಇಆರ್ ಬಂದ ಜಾಗದಲ್ಲಿ ನಿಲ್ಲಿಸಬೇಡಿ. ಮಾತು ಕೆಡುವ ಎರಡು ಅಂಚುಗಳನ್ನು ಹುಡುಕಿ, ಅವುಗಳ ನಡುವೆ ನಿಲ್ಲಿಸಿ.

ಪೈ-ಸ್ಟಾರ್‌ನಲ್ಲಿ (ಹಾಟ್‌ಸ್ಪಾಟ್ ನಡೆಸುವ ತಂತ್ರಾಂಶ) ಕಾನ್ಫಿಗರೇಶನ್ ಪುಟದಿಂದ ಎಕ್ಸ್‌ಪರ್ಟ್, ಅಲ್ಲಿಂದ ಎಂಎಂಡಿವಿಎಂಹೋಸ್ಟ್ ತೆರೆದರೆ ಮೋಡೆಮ್ ಅನ್ನುವ ಭಾಗದಲ್ಲಿ ಆರ್‌ಎಕ್ಸ್ ಆಫ್‌ಸೆಟ್ (ಕೇಳುವ ಕಡೆಗೆ), ಟಿಎಕ್ಸ್ ಆಫ್‌ಸೆಟ್ (ಕಳಿಸುವ ಕಡೆಗೆ) ಎಂಬ ಎರಡು ಜಾಗ ಇವೆ. ಎರಡೂ ಹರ್ಟ್ಜ್ ಲೆಕ್ಕ. ಆರ್‌ಎಕ್ಸ್ ಆಫ್‌ಸೆಟ್‌ನಲ್ಲಿ 100 ಹರ್ಟ್ಜ್ ಬದಲಿಸಿ, ಉಳಿಸಿ, ಮೋಡೆಮ್ ಮತ್ತೆ ಶುರುವಾದ ಮೇಲೆ ಪಿಟಿಟಿ ಒತ್ತಿ, ಬಿಇಆರ್ ಬರೆದುಕೊಳ್ಳಿ. ಒಂದು ಕಡೆ ಹೋಗುತ್ತಾ ಬಿಇಆರ್ ಏರಿದರೆ ಇನ್ನೊಂದು ಕಡೆ ತಿರುಗಿ.

ಹೀಗೆ ಬಂತು ಅಂತ ಇಟ್ಟುಕೊಳ್ಳಿ: −100ರಲ್ಲಿ ಶೇ. 3.1, −200ರಲ್ಲಿ 1.1, −300ರಲ್ಲಿ 0.4, −400ರಲ್ಲಿ 0.2, −500ರಲ್ಲಿ 0.3, −600ರಲ್ಲಿ 0.2, −700ರಲ್ಲಿ 0.5, −800ರಲ್ಲಿ 1.2, −900ರಲ್ಲಿ 3.2. ಸಣ್ಣ ಅಂಕಿ ನೋಡಿ −400 ಅಂತ ನಿಲ್ಲಿಸುವ ಆಸೆ ಆಗುತ್ತದೆ. ಆದರೆ −300ರಿಂದ −700ರವರೆಗೆ ತಳ ಹೆಚ್ಚುಕಮ್ಮಿ ಚಪ್ಪಟೆ. ಅಲ್ಲಿ 0.2, 0.3 ಅನ್ನುವ ವ್ಯತ್ಯಾಸ ಬರೀ ಆಕಸ್ಮಿಕ. ಇನ್ನೊಮ್ಮೆ ಒತ್ತಿದರೆ ಅದಲು ಬದಲಾಗುತ್ತದೆ. ನಂಬಬೇಕಾದದ್ದು ಕಡಿದಾದ ಅಂಚುಗಳನ್ನು. −200 ಮತ್ತು −800ರಲ್ಲಿ ಬಿಇಆರ್ ಶೇ. 1 ದಾಟಿದೆ. ನಡುವೆ ಇರುವುದು −500. ಅದೇ ನಮ್ಮ ಅಂಕಿ. ಅಲ್ಲಿ ನಿಂತರೆ ನಾಳೆ ತಾಪಮಾನದಿಂದ ಹರಳು ಯಾವ ಕಡೆ ಜಾರಿದರೂ ಅಷ್ಟೇ ಬಿಡುವು ಉಳಿಯುತ್ತದೆ.

ಪ್ರತಿ ಸಲ ಉಳಿಸಿ ಕಾಯುವುದು ಬೇಸರ ಅನ್ನುವವರಿಗೆ ಎಂಎಂಡಿವಿಎಂಕ್ಯಾಲ್ ಅನ್ನುವ ಉಪಕರಣ ಇದೆ. ಪೈ-ಸ್ಟಾರ್‌ನಲ್ಲಿ ಟರ್ಮಿನಲ್‌ಗೆ ಹೋಗಿ ಶುರು ಮಾಡಬೇಕು. 'ಎಚ್' ಒತ್ತಿದರೆ ಕೀಲಿಗಳ ಪಟ್ಟಿ ಬರುತ್ತದೆ. 'ಇ' ಒತ್ತಿ ಫ್ರೀಕ್ವೆನ್ಸಿಯನ್ನು ಹರ್ಟ್ಜ್‌ನಲ್ಲಿ ಪೂರ್ತಿ ಬರೆಯಿರಿ. ಪಟ್ಟಿ ನೋಡಿ ಡಿಎಂಆರ್ ಸಿಂಪ್ಲೆಕ್ಸ್‌ನ (ಕೇಳುವುದಕ್ಕೂ ಕಳಿಸುವುದಕ್ಕೂ ಒಂದೇ ಫ್ರೀಕ್ವೆನ್ಸಿ) ಬಿಇಆರ್ ಪರೀಕ್ಷೆ ಆರಿಸಿ. ಹ್ಯಾಂಡಿಯನ್ನು ಒತ್ತಿ ಹಿಡಿದಿರುವಾಗಲೇ ಬಿಇಆರ್ ಓಡುತ್ತಾ ಕಾಣುತ್ತದೆ. ದೊಡ್ಡ 'ಎಫ್' ಮೇಲಕ್ಕೆ, ಚಿಕ್ಕ 'ಎಫ್' ಕೆಳಕ್ಕೆ. ಎರಡು ಅಂಚು ಹುಡುಕುವ ಕ್ರಮ ಇಲ್ಲೂ ಅದೇ. ಕೊನೆಗೆ ನಿಂತ ಫ್ರೀಕ್ವೆನ್ಸಿಯಿಂದ ಮೊದಲು ಬರೆದದ್ದನ್ನು ಕಳೆಯಿರಿ. 438,799,500ರಲ್ಲಿ ನಿಂತಿರಿ, ಬರೆದದ್ದು 438,800,000, ಆಫ್‌ಸೆಟ್ −500. ಚಿಹ್ನೆ ಮರೆಯಬೇಡಿ. ಪ್ಲಸ್ ಹಾಕಿದರೆ ತಪ್ಪು ಇಮ್ಮಡಿ ಆಗುತ್ತದೆ.

ಮೈನಸ್ ಯಾಕೆ? ಹರಳು ಜೋರಾಗಿ ಮಿಡಿಯುತ್ತಿರುವುದರಿಂದ ಬೋರ್ಡ್ ನಾವು ಬೇಕು ಅಂದದ್ದಕ್ಕಿಂತ 500 ಹರ್ಟ್ಜ್ ಮೇಲೆ ಕೂತಿದೆ. ಅದರಿಂದ 500 ಕಡಿಮೆ ಬೇಕು ಅಂದರೆ ಸರಿಯಾದ ಜಾಗಕ್ಕೆ ಬರುತ್ತದೆ.

ಕಳಿಸುವ ಕಡೆ

ಟಿಎಕ್ಸ್ ಆಫ್‌ಸೆಟ್‌ಗೂ ಅದೇ −500 ಹಾಕಿ. ಬೋರ್ಡ್ ಕೇಳುವುದಕ್ಕೂ ಕಳಿಸುವುದಕ್ಕೂ ಒಂದೇ ಹರಳನ್ನು ನಂಬಿದೆ. ಹ್ಯಾಂಡಿಯದ್ದೂ ಹಾಗೇ. ಆದ್ದರಿಂದ ಒಂದು ದಿಕ್ಕಿನಲ್ಲಿ ಸಿಕ್ಕ ಅಂತರ ಇನ್ನೊಂದು ದಿಕ್ಕಿಗೂ ಹೊಂದುತ್ತದೆ. ಆಮೇಲೆ ಪ್ಯಾರಟ್ ಕೇಳಿ. ಲೋಕಲ್ ಬಿಇಆರ್ ಚೆನ್ನಾಗಿದ್ದು, ಲಾಸ್ ಸೊನ್ನೆ ಇದ್ದು, ವಾಪಸ್ ಬಂದ ಮಾತು ಮಾತ್ರ ಒಡೆದರೆ ಆಗ ಕಳಿಸುವ ಕಡೆಯನ್ನು ಬೇರೆಯಾಗಿ ನೋಡಬೇಕು.

ಆರ್‌ಟಿಎಲ್-ಎಸ್‌ಡಿಆರ್ (ಕಂಪ್ಯೂಟರಿಗೆ ಸಿಕ್ಕಿಸಿ ಸಿಗ್ನಲ್ ನೋಡುವ ರಿಸೀವರ್) ಇರುವವರಿಗೆ ಇದು ಸುಲಭ. ಹ್ಯಾಂಡಿಯನ್ನು ಅನಲಾಗ್ ಎಫ್ಎಂಗೆ ಹಾಕಿ, ಮಾತಿನ ಜೊತೆ ಹೋಗುವ ಟೋನ್ ತೆಗೆದು, ಮಾತಾಡದೆ ಒತ್ತಿ. ಪರದೆಯಲ್ಲಿ ಒಂದು ಸಣ್ಣ ಮೊನೆ ಏಳುತ್ತದೆ. ಆಮೇಲೆ ಎಂಎಂಡಿವಿಎಂಕ್ಯಾಲ್‌ನಲ್ಲಿ ಕ್ಯಾರಿಯರ್ (ಮಾತಿಲ್ಲದ ಬರೀ ಅಲೆ) ಮಾತ್ರ ಕಳಿಸುವ ಮೋಡ್ ಆರಿಸಿ ಹಾಟ್‌ಸ್ಪಾಟ್‌ನ ಮೊನೆ ನೋಡಿ. ಎರಡರ ಅಂತರವೇ ನಮಗೆ ಬೇಕಾದದ್ದು. ಎಸ್‌ಡಿಆರ್‌ನ ಹರಳಿಗೂ ತಪ್ಪಿದೆ ನಿಜ, ಆದರೆ ಅದು ಎರಡು ಮೊನೆಗಳನ್ನೂ ಒಂದೇ ಸಮ ಸರಿಸುವುದರಿಂದ ಅಂತರಕ್ಕೆ ಏನೂ ಆಗುವುದಿಲ್ಲ.

ಎರಡು ಮೂರು ಹ್ಯಾಂಡಿಗಳಿದ್ದರೆ ಪ್ರತಿಯೊಂದಕ್ಕೂ ಅಂಚುಗಳು ಬೇರೆ ಬರುತ್ತವೆ. ಎಲ್ಲಕ್ಕೂ ಒಪ್ಪುವ ಭಾಗದ ನಡುವೆ ನಿಲ್ಲಿಸಿ. ಯಾವುದೋ ಒಂದು ಮಾತ್ರ ತುಂಬ ದೂರ ಇದ್ದರೆ ಆ ಹ್ಯಾಂಡಿಯನ್ನೇ ಅನುಮಾನಿಸುವುದು ಸರಿ.

ಆಫ್‌ಸೆಟ್ ಎಷ್ಟು ಬದಲಿಸಿದರೂ ಬಿಇಆರ್ ಶೇ. 2ರ ಕೆಳಗೆ ಇಳಿಯಲೇ ಇಲ್ಲ ಅಂದರೆ ತೊಂದರೆ ಫ್ರೀಕ್ವೆನ್ಸಿಯದ್ದಲ್ಲ. ತೀರ ಹತ್ತಿರದ ಹ್ಯಾಂಡಿ, ಸಡಿಲ ಆಂಟೆನಾ, ಪಕ್ಕದ ಪವರ್ ಸಪ್ಲೈ ಗದ್ದಲ, ಇವನ್ನು ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಏನೂ ಕಾಣುವುದೇ ಇಲ್ಲ ಅಂದರೆ ಕಲರ್ ಕೋಡ್, ಡಿಎಂಆರ್ ಐಡಿ (ನಿಮಗೆ ಕೊಟ್ಟ ಸಂಖ್ಯೆ), ಸ್ಲಾಟ್ (ಒಂದೇ ಫ್ರೀಕ್ವೆನ್ಸಿಯ ಎರಡು ಸಮಯದ ಪಾಲುಗಳಲ್ಲಿ ಯಾವುದು ಅನ್ನುವುದು) ನೋಡಿ. ಸಿಂಪ್ಲೆಕ್ಸ್ ಹಾಟ್‌ಸ್ಪಾಟ್‌ಗೆ ಸ್ಲಾಟ್ 2 ಬಳಸುವುದು ರೂಢಿ.

ಸಿಕ್ಕ ಅಂಕಿಯನ್ನು ಪಿಪಿಎಂಗೆ ತಿರುಗಿಸಿ ಡಬ್ಬಿಯ ಮೇಲೆ ಬರೆದಿಡಿ. −500ನ್ನು 438.8ರಿಂದ ಭಾಗಿಸಿದರೆ −1.14 ಪಿಪಿಎಂ. ಮುಂದೆ ಅದೇ ಬೋರ್ಡನ್ನು 145 ಮೆಗಾಹರ್ಟ್ಜ್‌ಗೆ ಒಯ್ದರೆ −500 ಹಾಗೇ ಬಿಟ್ಟರೆ ತಪ್ಪಾಗುತ್ತದೆ. ಅಲ್ಲಿ ಬೇಕಾದದ್ದು −165. ಅದೇ ಬ್ಯಾಂಡಿನೊಳಗೆ ಒಂದೆರಡು ಮೆಗಾಹರ್ಟ್ಜ್ ಸರಿದರೆ ಮಾತ್ರ ಏನೂ ಮುಟ್ಟಬೇಕಿಲ್ಲ, ವ್ಯತ್ಯಾಸ ಎರಡು ಮೂರು ಹರ್ಟ್ಜ್‌ಗಿಂತ ಜಾಸ್ತಿ ಆಗುವುದಿಲ್ಲ.