‘ಗೆ’ ಪ್ರತ್ಯಯದಲ್ಲಿ ಸಿಕ್ಕ ದೇವತೆ

2002ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಬಾಲ್ಡಾಕ್ ಹತ್ತಿರ, ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಿದ್ದವರೊಬ್ಬರಿಗೆ ಒಂದು ನಿಧಿ ಸಿಕ್ಕಿತು. ಚಿನ್ನ, ಬೆಳ್ಳಿಯ 27 ವಸ್ತುಗಳು. ಒಡವೆ, ಬೆಳ್ಳಿಯ ಹೆಣ್ಣು ಮೂರ್ತಿ, ಎಲೆಯಂಥ ತೆಳ್ಳನೆಯ ಹರಕೆ ತಗಡುಗಳು. ಎಲ್ಲವೂ ರೋಮನ್ನರು ಬ್ರಿಟನ್ ಆಳುತ್ತಿದ್ದ ಕಾಲದವು. ಹೆಚ್ಚಿನ ತಗಡುಗಳ ಮೇಲಿನ ಚಿತ್ರ ರೋಮನ್ನರ ಮಿನರ್ವಾ ದೇವಿಯದು. ಬರೆದ ಹೆಸರು ಮಾತ್ರ ಅದುವರೆಗೆ ಯಾರೂ ಕೇಳಿರದ ಒಬ್ಬ ಕೆಲ್ಟಿಕ್ ದೇವತೆಯದು: ಸೆನುನಾ.

ಅದು ಹರಕೆ ಕೊಟ್ಟವಳ ಹೆಸರಲ್ಲ, ದೇವತೆಯದೇ ಅಂತ ಗೊತ್ತಾಗಿದ್ದು ಹೇಗೆ? ವಿಭಕ್ತಿಯಿಂದ! ನಾವು ‘ದೇವಿಗೆ’ ಅಂದಾಗ ‘ಗೆ’ ಮಾಡುವ ಕೆಲಸವನ್ನು ಲ್ಯಾಟಿನ್‌ನಲ್ಲಿ ಪದದ ತುದಿಯ ‘ಐ’ ಮಾಡುತ್ತದೆ. ‘ದೇಯೈ ಸೆನುನೈ’ ಅಂದರೆ ‘ಸೆನುನಾ ದೇವಿಗೆ’. ‘ದುರ್ಗಾಯೈ ನಮಃ’ ನೆನಪಾಯಿತು ಅಲ್ವಾ? ಲ್ಯಾಟಿನ್, ಸಂಸ್ಕೃತ ಒಂದೇ ಮನೆತನದ ಭಾಷೆಗಳು. ಮೂರ್ತಿಯ ಪೀಠದಲ್ಲಿ ಫ್ಲಾವಿಯಾ ಕುನೋರಿಸ್ ಎಂಬ ಹೆಸರೂ ಇದೆ. ಅದಕ್ಕೆ ಈ ‘ಐ’ ಇಲ್ಲ. ಹಾಗಾಗಿ ಅವಳು ಕೊಟ್ಟವಳು.

ಇಂಥ ಬರಹಗಳ ಕೊನೆಗೆ ‘ವಿ ಎಸ್ ಎಲ್ ಎಂ’ ಎಂಬ ನಾಲ್ಕೇ ಅಕ್ಷರ ಇರುವುದು ವಾಡಿಕೆ. ‘ಹೊತ್ತ ಹರಕೆಯನ್ನು ಮನಸಾರೆ, ಸಲ್ಲಬೇಕಾದಂತೆ ತೀರಿಸಿದ್ದೇನೆ’ ಎಂದು ಅರ್ಥ. ನಮ್ಮ ಮದುವೆ ಕಾಗದದ ‘ಚಿ. ಸೌ.’ ಇದ್ದ ಹಾಗೆ. ಕಾಗದ ಅರ್ಧ ಹರಿದಿದ್ದರೂ ‘ಚಿ. ಸೌ.’ ಕಂಡರೆ ಮುಂದೆ ಮದುಮಗಳ ಹೆಸರು ಬರುತ್ತದೆ ಅಂತ ಹೇಳಬಹುದು. ಆದರೆ ಅವಳ ಹೆಸರೇನು ಅಂತ ಹೇಳಲಾಗದು. ಸವೆದ ತಗಡಿನಲ್ಲೂ ಅಷ್ಟೇ. ರೂಢಿಯ ಮಾತನ್ನು ತುಂಬಿಕೊಳ್ಳಬಹುದು. ಹೆಸರನ್ನು ಮಾತ್ರ ಅಕ್ಷರ ಅಕ್ಷರವಾಗಿ ಕಣ್ಣಿನಿಂದಲೇ ಓದಬೇಕು. ಎಡವಿದ್ದೂ ಅಲ್ಲೇ. ಮೊದಲು ಅದನ್ನು ‘ಸೆನುವಾ’ ಎಂದು ಓದಿದರು, ಸುದ್ದಿಯೂ ಹಾಗೇ ಹರಡಿತು. ಬಿಟ್ಟುಹೋಗಿದ್ದ ‘ನ’ ಸಿಕ್ಕಿದ್ದು ಆಮೇಲೆ.

ಹಳೇ ಹೆಸರೊಂದು ಸಿಕ್ಕರೆ ಸಾಕು, ಅದಕ್ಕೆ ಮಹಿಮೆ, ವ್ರತ, ಮಂತ್ರ ಎಲ್ಲ ಹೊಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೆನುನಾಳ ಕಥೆಯ ಒಂದು ಸಾಲೂ ಉಳಿದಿಲ್ಲ. ಸುಮ್ನೆ ತುಂಬಿಸಿದರೆ ಫ್ಲಾವಿಯಾಳ ನಿಜವಾದ ಹರಕೆ ಅದರಡಿ ಮುಚ್ಚಿಹೋಗುತ್ತದೆ.

ಆ ತಪ್ಪು ಓದು ಇನ್ನೂ ಅಳಿದಿಲ್ಲ. 2017ರಲ್ಲಿ ಬಂದ ಒಂದು ಪ್ರಸಿದ್ಧ ವಿಡಿಯೊ ಗೇಮ್‌ನ ನಾಯಕಿಯ ಹೆಸರು ಸೆನುವಾ. ಮೂರ್ತಿ, ತಗಡುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.