ಪದ ಪರಿಚಯ: ಇಡುಗಂಟು

ಸಂಘಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಫೋಟೊಗಳೆಲ್ಲ ಮುಗಿದ ಮೇಲೆ, ಜಮಾಖರ್ಚಿನ ಪುಟದಲ್ಲಿ ಈ ಪದ ಸಿಗುತ್ತದೆ. ಕೆಲವರು ಮೂಲನಿಧಿ ಎನ್ನುತ್ತಾರೆ, ಲೆಕ್ಕಪರಿಶೋಧಕರು ಕಾರ್ಪಸ್ ಎನ್ನುತ್ತಾರೆ, ದಾನಿಯ ಹೆಸರಿನಲ್ಲಿದ್ದರೆ ದತ್ತಿನಿಧಿ. ಇಟ್ಟ ಗಂಟು, ಬಿಚ್ಚಬಾರದ ಗಂಟು. ಅಸಲು ಹಾಗೆಯೇ ಇರಬೇಕು, ಅದರ ಹುಟ್ಟುವಳಿಯಲ್ಲಿ ಕೆಲಸ ನಡೆಯಬೇಕು.

ಈ ಏರ್ಪಾಡು ನಮಗೆ ಹಳೆಯದು. ಗೊಮ್ಮಟದೇವರ ಅಭಿಷೇಕಕ್ಕೆಂದು ಭಕ್ತರು ಗದ್ಯಾಣಗಳನ್ನು ಕೊಟ್ಟು, ಅದರ ಬಡ್ಡಿಯಿಂದ ದಿನವೂ ಇಂತಿಷ್ಟು ಮಾನ ಹಾಲು ಸಲ್ಲಬೇಕೆಂದು ಗೊತ್ತುಮಾಡಿದ 13ನೆಯ ಶತಮಾನದ ಶಾಸನಗಳು ಶ್ರವಣಬೆಳಗೊಳದಲ್ಲಿವೆ. ಕೊಟ್ಟದ್ದು ಹೊನ್ನು, ಆದರೆ ಮಾತು ಕೊಟ್ಟದ್ದು ಹಾಲಿನ ಅಳತೆಯಲ್ಲಿ. ಇಡುಗಂಟನ್ನು ಎಲ್ಲಿ ತೊಡಗಿಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಆ ಹಾಲಿನ ಮಾನವೇ ನೆನಪಾಗುತ್ತದೆ.

ನಾನು ಕೆಲವು ವರ್ಷ ಒಂದು ಸಣ್ಣ ಟ್ರಸ್ಟಿನ ಖಜಾಂಚಿಯಾಗಿದ್ದೆ. ಬೀರುವಿನಲ್ಲಿ ಒಂದು ಹಳೆಯ ಠೇವಣಿ ರಸೀದಿ ಇತ್ತು. ತೀರಿಕೊಂಡ ಮಗಳ ನೆನಪಿಗೆ ಒಬ್ಬ ಮೇಷ್ಟರು 5,000 ರೂಪಾಯಿ ಇಟ್ಟು, ಹತ್ತನೆಯ ತರಗತಿಯಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ಪಡೆದವರಿಗೆ ವರ್ಷವೂ ಪುಸ್ತಕ ಕೊಡಿ ಎಂದಿದ್ದರು. ಆಗ ಬಡ್ಡಿ ಶೇ. 10. ವರ್ಷಕ್ಕೆ 500 ರೂಪಾಯಿಗೆ ಹುಡುಗಿಯೊಬ್ಬಳು ಎರಡು ಕೈಯಲ್ಲಿ ಹಿಡಿಯುವಷ್ಟು ಪುಸ್ತಕ ಬರುತ್ತಿತ್ತು. ನಾನು ಲೆಕ್ಕ ವಹಿಸಿಕೊಳ್ಳುವ ಹೊತ್ತಿಗೆ ಬಡ್ಡಿ ಶೇ. 7ಕ್ಕೆ ಇಳಿದಿತ್ತು. 350 ರೂಪಾಯಿಗೆ ಒಂದು ಒಳ್ಳೆಯ ನಿಘಂಟೂ ಸಿಗಲಿಲ್ಲ. ಲೆಕ್ಕ ಪುಸ್ತಕದಲ್ಲಿ ಅಸಲಿನ ಒಂದು ಪೈಸೆಯೂ ಕರಗಿರಲಿಲ್ಲ. ಆದರೂ ಮೇಷ್ಟರಿಗೆ ಕೊಟ್ಟ ಮಾತನ್ನು ನಾವು ಉಳಿಸಿಕೊಂಡಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. 10 ಲಕ್ಷ ರೂಪಾಯಿಗೆ ಶೇ. 7ರಂತೆ ವರ್ಷಕ್ಕೆ 70,000 ಬರುತ್ತದೆ ಎನ್ನೋಣ. ಬೆಲೆಗಳು ಶೇ. 6ರಷ್ಟು ಏರುತ್ತಿದ್ದರೆ, ಗಂಟಿನ ಬೆಲೆ ಉಳಿಯಲು ಅದರಲ್ಲಿ 60,000ವನ್ನು ಅಸಲಿಗೇ ಸೇರಿಸಬೇಕು. ಖರ್ಚಿಗೆ ನ್ಯಾಯವಾಗಿ ಉಳಿಯುವುದು 10,000 ಮಾತ್ರ. ಪೂರ್ತಿ 70,000 ಖರ್ಚು ಮಾಡುತ್ತ ಹೋದರೆ ಹನ್ನೆರಡು ವರ್ಷದಲ್ಲಿ ಗಂಟಿನ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಸ್ವೀಡನ್ನಿನ ನೊಬೆಲ್ ಪ್ರತಿಷ್ಠಾನ. ಆಲ್ಫ್ರೆಡ್ ನೊಬೆಲ್ 1895ರ ಉಯಿಲಿನಲ್ಲಿ ತನ್ನ ಸಂಪತ್ತನ್ನು ಸುಭದ್ರ ಪತ್ರಗಳಲ್ಲಿ ತೊಡಗಿಸಬೇಕೆಂದು ಬರೆದಿದ್ದ. ಗಂಟು ಸುಮಾರು 3.1 ಕೋಟಿ ಕ್ರೋನರ್. ಸುಭದ್ರ ಎಂದರೆ ಬಾಂಡು ಮತ್ತು ಸಾಲಪತ್ರ ಎಂದೇ ಆಗಿನವರು ಅರ್ಥ ಮಾಡಿಕೊಂಡರು. 1901ರಲ್ಲಿ ಒಂದೂವರೆ ಲಕ್ಷ ಕ್ರೋನರ್ ಇದ್ದ ಬಹುಮಾನ 1923ರಲ್ಲಿ ಸುಮಾರು 1,15,000ಕ್ಕೆ ಇಳಿಯಿತು. ತೆರಿಗೆ ಒಂದು ಕಡೆ, ಏರುವ ಬೆಲೆ ಇನ್ನೊಂದು ಕಡೆ ಗಂಟನ್ನು ಕೊರೆದವು. 1946ರಲ್ಲಿ ತೆರಿಗೆ ವಿನಾಯಿತಿ ಸಿಕ್ಕಿತು. 1953ರಲ್ಲಿ ಷೇರು ಮತ್ತು ಸ್ಥಿರಾಸ್ತಿಯಲ್ಲೂ ಹಣ ಹೂಡಲು ಸರ್ಕಾರ ಅನುಮತಿಸಿತು. ಹಾಗಿದ್ದೂ ಬಹುಮಾನ ತನ್ನ ಮೊದಲ ವರ್ಷದ ನಿಜಬೆಲೆಯನ್ನು ಮತ್ತೆ ಮುಟ್ಟಿದ್ದು 1991ರಲ್ಲಿ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು 2012ರ ನಿರ್ಧಾರ. ಆಗ ಪ್ರತಿಷ್ಠಾನ ಬಹುಮಾನವನ್ನು 1 ಕೋಟಿ ಕ್ರೋನರ್‌ನಿಂದ 80 ಲಕ್ಷಕ್ಕೆ ತಾನಾಗಿ ಇಳಿಸಿತು. ಲೋಕವೆಲ್ಲ ನೋಡುತ್ತಿರುವಾಗ ಖರ್ಚು ತಗ್ಗಿಸಲು ಧೈರ್ಯ ಬೇಕು. ಗಂಟು ಚೇತರಿಸಿಕೊಂಡು, 2023ಕ್ಕೆ ಬಹುಮಾನ 1.1 ಕೋಟಿ ಆಯಿತು.

ನಮ್ಮಲ್ಲಿ ಕಾನೂನಿನ ಬೇಲಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 11(5)ನೇ ಸೆಕ್ಷನ್ ಧರ್ಮಾರ್ಥ ಸಂಸ್ಥೆಗಳು ಎಲ್ಲೆಲ್ಲಿ ಹಣ ತೊಡಗಿಸಬಹುದೆಂದು ಪಟ್ಟಿ ಕೊಟ್ಟಿತ್ತು: ಬ್ಯಾಂಕ್ ಮತ್ತು ಅಂಚೆ ಠೇವಣಿ, ಸರ್ಕಾರಿ ಸಾಲಪತ್ರ, ಸಾರ್ವಜನಿಕ ಉದ್ಯಮಗಳು, ಸ್ಥಿರಾಸ್ತಿ, ನಿಯಮಗಳ ಮೂಲಕ ಮ್ಯೂಚುವಲ್ ಫಂಡ್ ಕೂಡ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿರುವುದರಿಂದ ಹಳೆಯ ನಡಾವಳಿಗಳನ್ನು ತಿದ್ದಿಕೊಳ್ಳಬೇಕು. ಪಟ್ಟಿಯ ಹೊರಗೆ ಹೋದರೆ ತೆರಿಗೆ ವಿನಾಯಿತಿಗೇ ಸಂಚಕಾರ. ಇನ್ನೊಂದು ಇಕ್ಕಟ್ಟೂ ಇದೆ. ಆದಾಯದ ಶೇ. 85ನ್ನು ಉದ್ದೇಶಕ್ಕೆ ಬಳಸಬೇಕು, ಶೇ. 15ನ್ನು ಮಾತ್ರ ಮುಕ್ತವಾಗಿ ಉಳಿಸಿಕೊಳ್ಳಬಹುದು. ಬಡ್ಡಿಯೊಂದೇ ಆದಾಯವಾಗಿದ್ದರೆ 70,000ದಲ್ಲಿ ಉಳಿಯುವುದು 10,500. ಅಸಲಿಗೆ ಸೇರಬೇಕಿದ್ದದ್ದು 60,000! ಹಾಗಾಗಿ ಗಂಟು ಪೂರ್ತಿ ಠೇವಣಿಯಲ್ಲೇ ಮಲಗಿದ್ದರೆ ಅದು ಕರಗಿಯೇ ಕರಗುತ್ತದೆ. ಹಲವು ದಶಕ ಉಳಿಯಬೇಕಾದ ನಿಧಿಯ ಒಂದು ಭಾಗವಾದರೂ ಬೆಲೆಯೊಡನೆ ಬೆಳೆಯುವ ಕಡೆ, ಅನುಮತಿಯಿರುವ ಷೇರು ಆಧಾರಿತ ಫಂಡಿನಲ್ಲಿ, ಇರಬೇಕೆಂದು ನಾನು ವಾದಿಸುವುದು ಇದಕ್ಕೇ. ವಿದೇಶಿ ದೇಣಿಗೆಗೆ ಮಾತ್ರ ಈ ದಾರಿ ಮುಚ್ಚಿದೆ. ವಿದೇಶಿ ದೇಣಿಗೆಯ ನಿಯಮಗಳು ಇಂಥ ಹೂಡಿಕೆಯನ್ನು ಸಟ್ಟಾ ವ್ಯವಹಾರವೆಂದೇ ಎಣಿಸುತ್ತವೆ.

ಆಪತ್ತಿಗೆಂದು ಇಟ್ಟ ಹಣದ ಕಥೆಯೇ ಬೇರೆ. ಅನುದಾನ ತಡವಾದಾಗ ಆರು ತಿಂಗಳ ಸಂಬಳ, ಬಾಡಿಗೆ ಕೊಡಲು ಬೇಕಾದದ್ದು ಅದು. ಅದಕ್ಕೆ ಬೆಳವಣಿಗೆ ಮುಖ್ಯವಲ್ಲ, ಕೇಳಿದ ದಿನ ಕೈಗೆ ಬರಬೇಕು. ಅದನ್ನೂ ಒಂದೇ ಬ್ಯಾಂಕಿನಲ್ಲಿ ಇಡಬಾರದು. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಖಾತೆದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ಮುಂದಿನ ತಿಂಗಳು ಠೇವಣಿ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಷ್ಟೇ ರಕ್ಷೆ, ಸಂಸ್ಥೆಗೂ ಅಷ್ಟೇ.

ಯಾವ ಗಂಟು ಯಾವುದಕ್ಕೆ ಎಂಬುದು ಹಣ ಬಂದ ದಿನವೇ ಕಾಗದದಲ್ಲಿರಬೇಕು. ದಾನಿ ‘ಇದು ಮೂಲನಿಧಿಗೆ’ ಎಂದು ಬರೆದುಕೊಡದಿದ್ದರೆ ಅದು ಸಾಮಾನ್ಯ ದೇಣಿಗೆಯಾಗಿಬಿಡುತ್ತದೆ, ಶೇ. 85ರ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಮೇಷ್ಟರ ಪತ್ರದಲ್ಲಿ ಆ ಸಾಲು ಸ್ಪಷ್ಟವಾಗಿತ್ತು. ಅವರ ಹಳೆಯ ವಿದ್ಯಾರ್ಥಿಗಳಿಗೆ ಅದರ ನಕಲು ಕಳಿಸಿ, ಅದೇ ಸಾಲನ್ನು ಬರೆದು ಗಂಟಿಗೆ ಹಣ ಸೇರಿಸುವಂತೆ ಕೇಳಿಕೊಂಡೆವು.