ಕೊನೆಯ ಹಾಡಿನಲ್ಲಿ ತಡವರಿಸುವ ತೋಳು

ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಡು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಸೂಜಿ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ. ರೆಕಾರ್ಡಿಗೆ ಗೀರು ಬಿದ್ದಿದೆ ಎಂದುಕೊಂಡು, ಸೂಜಿ ಹಿಡಿದ ತೋಳಿನ ತಲೆಯ ಮೇಲೆ ನಾಣ್ಯ ಇಡುವವರುಂಟು. ದಯವಿಟ್ಟು ಇಡಬೇಡಿ. 2011ರ ಸರಣಿಯ ಒಂದು ರೂಪಾಯಿ ನಾಣ್ಯದ ತೂಕ 3.79 ಗ್ರಾಂ. 2 ಗ್ರಾಂ ಬೇಡುವ ಸೂಜಿಯ ಮೇಲೆ ಅದನ್ನಿಟ್ಟರೆ ಭಾರ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ, ಗೆರೆಯ ಗೋಡೆಗಳು ಸವೆಯುತ್ತವೆ.

ಮೊದಲು ಬೇರೆ ರೆಕಾರ್ಡ್ ಹಾಕಿ ನೋಡಿ. ಅದೂ ನಡುವಿನಿಂದ ಅಷ್ಟೇ ದೂರದಲ್ಲಿ ಸಿಕ್ಕಿಕೊಂಡರೆ ತಪ್ಪು ರೆಕಾರ್ಡಿನದಲ್ಲ, ಯಂತ್ರದ್ದು.

ತೋಳು ತಾನಾಗಿ ಎದ್ದು ಮರಳುವ ಹಳೆಯ ಪ್ಲೇಯರ್‌ಗಳಲ್ಲಿ, ತಿರುಗುವ ತಟ್ಟೆಯ ಕೆಳಗೆ ಒಂದು ದೊಡ್ಡ ಹಲ್ಲಿನ ಚಕ್ರವಿರುತ್ತದೆ. ಅದರ ಅಂಚಿನ ಒಂದು ಕಡೆ ಹಲ್ಲುಗಳಿಲ್ಲ. ಹಾಡು ನಡೆಯುವಾಗ ಆ ಬೋಳು ಭಾಗ ತಟ್ಟೆಯ ಕಡೆಗಿರುವುದರಿಂದ ಚಕ್ರ ನಿಂತೇ ಇರುತ್ತದೆ. ಚಕ್ರದ ಮೇಲೊಂದು ಹಗುರವಾದ ಕೊಂಡಿ ಇದೆ, ಟ್ರಿಪ್ ಪಾಲ್ ಎನ್ನುತ್ತಾರೆ. ತೋಳು ಒಳಗೆ ಸರಿದಂತೆ ಇದನ್ನು ಮೆಲ್ಲಗೆ ತಳ್ಳುತ್ತದೆ. ಹಾಡಿನ ಗೆರೆಯಲ್ಲಿ ತೋಳು ಸರಿಯುವುದು ಸುತ್ತಿಗೆ ಸುಮಾರು 0.1 ಮಿ.ಮೀ. ಮಾತ್ರ. ಹಾಗಾಗಿ ತಟ್ಟೆಯ ಕೆಳಗಿನ ಉಬ್ಬು ಪ್ರತಿ ಸುತ್ತಿಗೂ ಕೊಂಡಿಯನ್ನು ಹಿಂದಕ್ಕೆ ತಟ್ಟುತ್ತದೆ. ಕೊನೆಯ ಅಗಲ ಗೆರೆಯಲ್ಲಿ ತೋಳು ಒಂದೇ ಸುತ್ತಿಗೆ ಹಲವು ಮಿ.ಮೀ. ಜಾರಿದಾಗ ಕೊಂಡಿ ಪೂರ್ತಿ ಸಿಕ್ಕಿ, ಚಕ್ರ ತಿರುಗಿ, ತೋಳನ್ನು ಎತ್ತಿ ಅದರ ಜಾಗಕ್ಕೆ ಕಳಿಸುತ್ತದೆ. ಬರೀ ವೇಗದ ವ್ಯತ್ಯಾಸದಿಂದಲೇ ಹಾಡು ಮುಗಿದದ್ದನ್ನು ಅರಿಯುವ ಈ ಏರ್ಪಾಡು ನಿಜಕ್ಕೂ ಸೊಗಸಾದದ್ದು.

ಆದರೆ ಕೊಂಡಿಯನ್ನು ತಳ್ಳಲು ತೋಳಿಗಿರುವ ಬಲ ತೀರ ಕಡಿಮೆ. ಕೊಂಡಿಯ ಬುಡ ಅಂಟಾದರೆ ತೋಳು ಅಲ್ಲಿಯೇ ತಡೆದು ನಿಲ್ಲುತ್ತದೆ, ಸೂಜಿ ಹಿಂದಿನ ಗೆರೆಗೆ ಹಾರುತ್ತದೆ. ಅಂಟಾಗುವುದೇಕೆ? ಗ್ರೀಸ್ ಎಂದರೆ ಸಾಬೂನಿನಂಥ ವಸ್ತು ಸ್ಪಂಜಿನಂತೆ ಹಿಡಿದಿಟ್ಟುಕೊಂಡ ಎಣ್ಣೆ. ವಿಜಯಪುರದ 40 ಡಿಗ್ರಿ ದಾಟುವ ಬೇಸಿಗೆಗಳಲ್ಲಿ ವರ್ಷಗಟ್ಟಲೆ ಕುಳಿತರೆ ಎಣ್ಣೆ ಹೊರಗೆ ಹರಿದು, ಗಾಳಿಗೆ ಕೆಟ್ಟು, ಸಾಬೂನಷ್ಟೇ ಉಳಿಯುತ್ತದೆ. ಮೇಲೆ ಎರೆಮಣ್ಣಿನ ನುಣ್ಣನೆ ಧೂಳು ಕೂತರೆ ಅದು ಮೇಣವೇ. ಬೆಳಗಾವಿಯ ಚಳಿಗಾಲದ ಮುಂಜಾನೆ ಸಿಕ್ಕಿಕೊಳ್ಳುವ ತೋಳು ಮಧ್ಯಾಹ್ನ ಸಲೀಸಾಗಿ ಓಡಿದರೆ, ಅಪರಾಧಿ ಗ್ರೀಸ್ ಎಂದು ಹೆಚ್ಚುಕಡಿಮೆ ಖಚಿತ.

ಪ್ಲಗ್ ಕಿತ್ತು, ತೋಳನ್ನು ಕಟ್ಟಿ, ಸೂಜಿಗೆ ಮುಚ್ಚಳ ಹಾಕಿ ತಟ್ಟೆ ತೆಗೆಯಿರಿ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕಿವಿಕಡ್ಡಿ ಅದ್ದಿ, ಚಕ್ರದ ಕಾಲುವೆ (ತೋಳನ್ನು ನಡೆಸುವ ತೋಡು), ಚಕ್ರದ ಅಕ್ಷ, ಕೊಂಡಿಯ ಬುಡದಿಂದ ಹಳೆಯದನ್ನು ಪೂರ್ತಿ ಒರೆಸಿ. ಚಕ್ರದ ಕಾಲುವೆಗೆ ಲಿಥಿಯಂ ಗ್ರೀಸ್ ತೆಳುವಾಗಿ ಸವರಿ, ಅಕ್ಷಕ್ಕೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೊಂಡಿಗೆ ಮಾತ್ರ ಏನನ್ನೂ ಹಚ್ಚಬೇಡಿ, ಅದು ಒಣಗಿರಬೇಕು. ಅನೇಕರು ಎಡವುವುದು ಇಲ್ಲಿಯೇ: ಎಣ್ಣೆ ಬಿಟ್ಟರೆ ವಾರವಿಡೀ ಚೆನ್ನಾಗಿ ಓಡಿ, ಧೂಳು ಹೀರಿ ಮತ್ತೆ ಅಂಟುತ್ತದೆ. ಬಳಿಕ ಸ್ವಿಚ್ ಹಾಕುವ ಮೊದಲು ತಟ್ಟೆಯನ್ನು ಕೈಯಿಂದಲೇ ಗಡಿಯಾರದ ದಿಕ್ಕಿಗೆ ತಿರುಗಿಸಿ ಪರೀಕ್ಷಿಸಿ. ತಡೆದಲ್ಲಿ ಬಲ ಹಾಕಬೇಡಿ, ಜಿಂಕ್ ಎರಕದ ಹಳೆಯ ಭಾಗಗಳು ಫಟ್ಟನೆ ಮುರಿಯುತ್ತವೆ.

ಎತ್ತುಗೋಲು ಇಳಿಸಿದ ಕೂಡಲೇ ತೋಳು ದಬ್ಬನೆ ಬಿದ್ದರೆ ಅದು ಬೇರೆ ರೋಗ. ಎತ್ತುವ ಸಣ್ಣ ಕಡ್ಡಿಯ ಸುತ್ತ ಇರಬೇಕಾದ ಸಿಲಿಕೋನ್ ದ್ರವ ಮುಗಿದಿದೆ. ಇದಕ್ಕೆ ಬೇಕಾದದ್ದು 3 ರಿಂದ 5 ಲಕ್ಷ ಸೆಂಟಿಸ್ಟೋಕ್ಸ್ ಸಿಲಿಕೋನ್, ಎಂದರೆ ನೀರಿಗಿಂತ ಅಷ್ಟು ಲಕ್ಷ ಪಟ್ಟು ಮಂದ. ಕಡ್ಡಿಗೆ ತೆಳುವಾಗಿ ಸವರಿದರೆ ಸಾಕು. ಯಂತ್ರದ ಎಣ್ಣೆಯಿಂದ ಈ ಕೆಲಸ ಆಗದು.

ಕೊನೆಗೆ ತೂಕ. ಪ್ಲೇಯರ್ ಸಮತಟ್ಟಾಗಿರಲಿ. ಹಿಂಬದಿ ತೂಕವಿರುವ ತೋಳಾದರೆ ಆಂಟಿಸ್ಕೇಟಿಂಗ್ (ತೋಳನ್ನು ತುಸು ಹೊರಗೆಳೆಯುವ ಏರ್ಪಾಡು) ಸೊನ್ನೆಗಿಟ್ಟು, ತೋಳು ತಕ್ಕಡಿಯ ದಂಡಿಗೆಯಂತೆ ಅಡ್ಡಲಾಗಿ ತೇಲುವವರೆಗೆ ತೂಕ ತಿರುಗಿಸಿ. ಮೆಲ್ಲಗೆ ಊದಿದರೆ ಎಲ್ಲಿಯೂ ತಡೆಯದೆ ಸರಿಯಬೇಕು. ಒಂದೇ ಕಡೆಗೆ ಎಳೆದರೆ ತೋಳಿನೊಳಗಿನ ನಾಲ್ಕು ಎಳೆ ತಂತಿಗಳು ಬಿರುಸಾಗಿರಬಹುದು. ಆಮೇಲೆ ಕಾರ್ಟ್ರಿಜ್, ಎಂದರೆ ಸೂಜಿ ಕೂತಿರುವ ಪುಟ್ಟ ಪೆಟ್ಟಿಗೆ, ಕೇಳಿದಷ್ಟು ಭಾರ ಕೊಡಿ: ಮ್ಯಾಗ್ನೆಟಿಕ್ ಆದರೆ ಸಾಮಾನ್ಯವಾಗಿ 1.5 ರಿಂದ 2.5 ಗ್ರಾಂ, ಹಳೆಯ ಸಿರಾಮಿಕ್ ಆದರೆ 4 ರಿಂದ 6 ಗ್ರಾಂ. ಆಂಟಿಸ್ಕೇಟಿಂಗ್ ಅನ್ನೂ ಅದೇ ಅಂಕಿಗೆ ತನ್ನಿ. ತೋಳಿನ ತಲೆ ಓರೆಯಾಗಿರುವುದರಿಂದ ಗೆರೆಯ ಘರ್ಷಣೆ ಅದನ್ನು ಸದಾ ಒಳಗೆಳೆಯುತ್ತದೆ, ಆ ಎಳೆತಕ್ಕೆ ಇದು ಎದುರು.

ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ಅವರ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡುಗಳು) ಮನೆಯಲ್ಲಿದ್ದರೆ ಇನ್ನೊಂದು ಮಾತು. ಎಲ್‌ಪಿ (ನಿಮಿಷಕ್ಕೆ 33⅓ ಸುತ್ತಿನ ರೆಕಾರ್ಡ್) ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ಕ್ಕೆ ಬೇಕಾದದ್ದು ಸುಮಾರು 75. ಸಣ್ಣ ಸೂಜಿ ಅಗಲ ಗೆರೆಯ ತಳಕ್ಕಿಳಿದು ಬರೀ ಕಸವನ್ನು ಕೆರೆಯುತ್ತದೆ. ಅನೇಕ ಸಿರಾಮಿಕ್ ಕಾರ್ಟ್ರಿಜ್‌ಗಳಲ್ಲಿ ಎರಡೂ ಸೂಜಿಗಳಿರುತ್ತವೆ, ಮುಂದಿನ ಪುಟ್ಟ ಹಿಡಿಕೆ ತಿರುವಿದರೆ ಬದಲಾಗುತ್ತವೆ. ಹಿಡಿಕೆ ಯಾವ ಕಡೆಗಿದೆ ಎಂದು ನೋಡಿಯೇ ತೋಳು ಇಳಿಸಿ.